ಅಟ್ಟದಲ್ಲಿ ಸಿಕ್ಕ ಕೀಲು

ಮಾರ್ಚ್ 3
ಎಂದಿನಂತೆ ಎಂಟಕ್ಕೆ ಲೇತ್ ಆನ್. ಸಂಜೆ ಪೇಂಟಿಂಗ್‌ನವರಿಗಾಗಿ ಅಟ್ಟ ಖಾಲಿ ಮಾಡಿದೆ. ಅಮ್ಮ ಹೋದ ಮೇಲೆ ಯಾರೂ ತೆರೆಯದ ಟ್ರಂಕಿನಲ್ಲಿ ಒಂದು ಕಬ್ಬಿಣದ ಕೀಲು. ಗೇಣುದ್ದದ ಎರಡು ಪಟ್ಟಿ, ನಡುವೆ ತಿರುಗಣಿ, ಮೇಲೆ ಜಾರುವ ಬಳೆ. ಬಳೆ ಇಳಿದರೆ ಕೀಲು ಮಡಚುವುದಿಲ್ಲ, ಎತ್ತಿದರೆ ಮಡಚುತ್ತದೆ. ಜಾಣ ಕೆಲಸ. ಏನಿದು?

ಮಾರ್ಚ್ 4
ವರ್ಕ್‌ಶಾಪಿನಲ್ಲಿ ತೋರಿಸಿದೆ. ಯಾರಿಗೂ ಗೊತ್ತಿಲ್ಲ. ವೆಲ್ಡರ್ ಕೆಣಕಿದ, "ಗುರುಗಳಿಗೂ ಇದು ಕಬ್ಬಿಣದ ಕಡಲೆ ಆಯ್ತಲ್ಲ." ಮೂವತ್ತು ವರ್ಷದ ಸರ್ವಿಸ್ ನನ್ನದು, ಸುಮ್ಮನಿರಲಾಗಲಿಲ್ಲ. ಮಡಚುವ ಕುರ್ಚಿಯದು ಎಂದುಬಿಟ್ಟೆ. ಬಾಯಿಗೆ ಬಂದದ್ದು.

ಮಾರ್ಚ್ 6, ಮಧ್ಯಾಹ್ನ
ಕುರ್ಚಿಯದಲ್ಲ. ಪಟ್ಟಿಯ ಒಳಬದಿಗೆ ಚರ್ಮದ ಚೂರು ಅಂಟಿದೆ. ಫೋಟೋ ತೆಗೆದು ತಂಗಿಗೆ ಕಳಿಸಿದೆ. "ಯಾವ ಕುದುರೆಗಾಡಿದು?" ಎಂದು ತಮಾಷೆ ಬೇರೆ.
ಉತ್ತರ ಬಂತು: "ನನ್ನ ಮಂಡಿ ಹತ್ರ ಇರ್ತಿತ್ತಲ್ಲ ಅಣ್ಣ. ಮರೆತೇಬಿಟ್ಯಾ?"

ಅದೇ ದಿನ, ಸಂಜೆ
ಪೋಲಿಯೋ. ಎಡಗಾಲು. ಏಳು ವರ್ಷದಿಂದ ಹದಿಮೂರರವರೆಗೆ ಈ ಕೀಲಿದ್ದ ಕಬ್ಬಿಣದ ಆಸರೆ ಕಟ್ಟಿಕೊಂಡೇ ನಡೆಯುತ್ತಿದ್ದಳು. ಲಂಗದ ಕೆಳಗೆ ಬೂಟು ಮಾತ್ರ ಕಾಣುತ್ತಿತ್ತು...
ಸುಳ್ಳು. ನೋಡಬೇಕೆಂದಿದ್ದರೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂರಿಸಿಕೊಂಡು ಅಮ್ಮ ಕಟ್ಟುತ್ತಿದ್ದಳು. ಅಷ್ಟರಲ್ಲಿ ನಾನು ಗೇಟಿನಾಚೆ. ಶಾಲೆಗೆ ಅವಳಿಗಿಂತ ಐವತ್ತು ಹೆಜ್ಜೆ ಮುಂದೆ. "ನಿನ್ನ ತಂಗೀನಾ?" ಎಂದು ಯಾರೋ ಕೇಳಿದ್ದಕ್ಕೆ "ಪಕ್ಕದ್ಮನೆಯವಳು" ಅಂದಿದ್ದೆ. ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೇನೆ.

ಮಾರ್ಚ್ 11
ಐದು ದಿನ ಫೋನ್ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ? ಇವತ್ತು ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಕೀಲನ್ನು ಅವಳ ಮನೆಗೇ ಒಯ್ದೆ. ತಪ್ಪಾಯ್ತು ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ. ಬಾಗಿಲು ದಾಟಿದ್ದೇ ಕೀಲನ್ನು ಅವಳ ಕೈಗಿಟ್ಟೆ.
ಅವಳು ಬಳೆ ಎತ್ತಿ ಬಿಟ್ಟಳು. ಟಕ್.
"ಈ ಸದ್ದು ನೆನಪಿದ್ಯಾ?"
"ಇಲ್ಲಮ್ಮ."
"ಹೇಗಿರುತ್ತೆ? ನಿನ್ನ ಫ್ರೆಂಡ್ಸ್ ಬಂದಾಗ ನಾನು ಕೂರ್ತಾನೇ ಇರಲಿಲ್ವಲ್ಲ. ಕೂತು ಎದ್ರೆ ಟಕ್ ಅನ್ನುತ್ತೆ, ಅವರ ಮುಂದೆ ನಿನಗೆ ಅವಮಾನ ಅಂತ. ಅವರು ಹೋಗೋವರೆಗೂ ಒಳಗೆ ಗೋಡೆ ಹಿಡ್ಕೊಂಡು ನಿಂತಿರ್ತಿದ್ದೆ."
ದೂರುವ ದನಿಯೇ ಅಲ್ಲ. ನಗುತ್ತಲೇ ಹೇಳಿ ಕಾಫಿ ತರಲು ಎದ್ದಳು. ನಾನು ಹೇಳಬೇಕಾದದ್ದು ಹೇಳದೆಯೇ ಬಂದೆ.
ನಾವು ಹೊರಗೆ ಕೇರಂ ಆಡುತ್ತಿದ್ದೆವು. ರಜೆಯಲ್ಲಿ ದಿನಾ. ಎರಡು ಗಂಟೆ, ಒಮ್ಮೊಮ್ಮೆ ಮೂರು. ನಾನೇ ಅವರನ್ನು ಇನ್ನೊಂದು ಬೋರ್ಡ್ ಆಡಿ ಎಂದು ಕೂರಿಸಿಕೊಳ್ಳುತ್ತಿದ್ದೆ. ಅಷ್ಟು ಹೊತ್ತೂ ಅವಳು ಒಳಗೆ—