ಸಡಿಲ ಮುಚ್ಚಳಗಳು

ಬುಧವಾರ, ಮಾರ್ಚ್ ೧೨
ಸಂಜೆ ಐದು ಗಂಟೆ

ಪ್ರೀತಿಯ ಗುಬ್ಬಿಗೆ, ಅಪ್ಪನ ಆಶೀರ್ವಾದ.

ಇವತ್ತು ಕಾರ್ಖಾನೆಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ಫ್ರಿಜ್ಜಿನ ಒಳಗೆಲ್ಲ ಒರೆಸಿದೆ. ಆಮೇಲೆ ಊಟದ ಹೊತ್ತಿನವರೆಗೂ, ಊಟವಾದ ಮೇಲೂ, ಅಡುಗೆಮನೆಯ ಮೇಜಿನ ಮುಂದೆಯೇ ಕೂತಿದ್ದೆ. ಈಗ ನನ್ನೆದುರಿಗೆ ಒಂದು ಸಣ್ಣ ಸ್ಕ್ರೂಡ್ರೈವರ್, ಕಾರ್ಖಾನೆಯಿಂದ ತಂದ ಭೂತಗನ್ನಡಿ, ಬಿಚ್ಚಿ ಹಾಕಿದ ಎರಡು ಇಂಜೆಕ್ಷನ್ ಪೆನ್ನು, ಮತ್ತು ಸಹಿಗೆಂದು ನೀನು ಕಳಿಸಿದ ದೂರಿನ ಅರ್ಜಿ ಇವೆ. ಅರ್ಜಿಗೆ ಇನ್ನೂ ಸಹಿ ಹಾಕಿಲ್ಲ.

ಅದು ಬಂದು ಹದಿನೆಂಟು ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಂಡಿರುತ್ತೀಯ, ಬೈಯಬೇಕಾದದ್ದೇ. ನೀನು ಎರಡು ಸಲ ಫೋನ್ ಮಾಡಿದಾಗಲೂ ನೆಗಡಿ ಎಂದು ಬೇಗ ಇಟ್ಟುಬಿಟ್ಟೆ. ನೆಗಡಿ ಸುಳ್ಳು. ನಿನ್ನ ದನಿ ಥೇಟ್ ನಿನ್ನ ಅಮ್ಮನದೇ. ಅದನ್ನು ಕೇಳುತ್ತ ಇದನ್ನು ಹೇಳುವುದು ನನ್ನಿಂದ ಆಗದು. ಅದಕ್ಕೇ ಕಾಗದ.

ನಿನ್ನ ರಸ್ತೆ ಅಳೆಯುವ ಕೆಲಸ ಎಲ್ಲಿಗೆ ಬಂತು? ದಿನವಿಡೀ ಬಿಸಿಲಲ್ಲಿ ನಿಲ್ಲುವವಳು ನೀರು ಕುಡಿಯುವುದನ್ನು ಮರೆಯಬೇಡ. ನನ್ನ ಊಟದ ಚಿಂತೆ ನಿನಗೆ ಬೇಡ. ಮೇಲಿನ ಮನೆಯ ಅಜ್ಜಿ ದಿನಾ ಇಳಿದು ಬಂದು, ಊಟ ಆಯ್ತಾ ಎಂದು ಕೇಳಿ, ನಾನು ಬಾಯಿ ತೆಗೆಯುವ ಮೊದಲೇ “ಎಲ್ಲಿ ಆಗಿರತ್ತೆ” ಎಂದು ತಾವೇ ಉತ್ತರ ಕೊಟ್ಟು, ತಟ್ಟೆ ಇಟ್ಟು ಹೋಗುತ್ತಾರೆ. ನಿನ್ನ ಅಮ್ಮ ಹೋಗಿ ಎರಡು ತಿಂಗಳ ಮೇಲೆ ಹನ್ನೊಂದು ದಿನ. ಅಜ್ಜಿ ಒಂದು ದಿನವೂ ತಪ್ಪಿಸಿಲ್ಲ.

ಅರ್ಜಿಯನ್ನು ಹತ್ತು ಸಲವಾದರೂ ಓದಿದೆ. ಸಂಧಿವಾತದಿಂದ ಬೆರಳು ಸೊಟ್ಟಗಾದ ಹೆಂಗಸಿಗೆ ಪೆನ್ನು ಬಳಸಲು ಆಗುತ್ತದೋ ಇಲ್ಲವೋ ನೋಡದೆ ನರ್ಸು ಅದನ್ನು ಕೈಗೆ ಕೊಟ್ಟು ಮನೆಗೆ ಕಳಿಸಿದರು. ಔಷಧ ಮೈಯೊಳಗೆ ಹೋಗದೆ ಹೊರಗೆ ಸೋರಿತು. ಪೆನ್ನು ಕಲಿಸಿದ ದಿನ ಆಸ್ಪತ್ರೆಯಲ್ಲಿ ತುಂಬಿಸಿಕೊಂಡ ಹಾಳೆಯಲ್ಲಿ ‘ಬಳಸಲು ತುಂಬಾ ಸುಲಭ’ ಎಂಬಲ್ಲಿರುವ ಗುರುತನ್ನೂ ನರ್ಸೇ ಹಾಕಿಕೊಂಡಿರಬೇಕು, ಏಕೆಂದರೆ ಅಮ್ಮನಿಗೆ ಪೆನ್ಸಿಲು ಹಿಡಿಯಲೂ ಬರುತ್ತಿರಲಿಲ್ಲ. ಹೀಗೆ ಬರೆದಿದ್ದೀಯ. ಹಾಳೆಯ ವಿಷಯ ಆಮೇಲೆ ಬರೆಯುತ್ತೇನೆ.

ಔಷಧ ಸೋರಿದ್ದು ನಿಜ. ರಜೆಗೆ ಬಂದಾಗ ಅವಳ ತೊಡೆಯ ಮೇಲೆ ಹರಿದದ್ದನ್ನು ನೀನೇ ನೋಡಿ, ಇದೇನಪ್ಪಾ ಎಂದು ಕೇಳಿದ್ದೆ. ಒಂದೆರಡು ಹನಿ ಹೊರಗೆ ಬರುವುದು ಸಹಜ, ಪೆನ್ನಿನ ಜೊತೆ ಬಂದ ಚೀಟಿಯಲ್ಲೇ ಬರೆದಿದ್ದಾರೆ ಎಂದು ನಾನು ಮೆಕ್ಯಾನಿಕ್ಕಿನ ಗತ್ತಿನಲ್ಲಿ ಹೇಳಿದೆ. ನೀನು ನಂಬಿದೆ. ಅವಳು ನಂಬಿದಳೋ, ನಂಬಿದ ಹಾಗೆ ಇದ್ದಳೋ ಗೊತ್ತಿಲ್ಲ. ಕರವಸ್ತ್ರದಿಂದ ಒರೆಸಿಕೊಂಡು, “ನಿಮ್ಮಪ್ಪ ಹೇಳಿದ ಮೇಲೆ ಮುಗೀತು ಬಿಡೇ” ಎಂದಳು.

ಯಾಕೆ ಸೋರಿತು ಎಂಬುದು ನನಗೆ ಇವತ್ತು ಖಚಿತವಾಯಿತು.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಅವಳ ಬೆರಳಿಗೆ ರೋಗ ಬಂದಾಗಿನಿಂದ ಈ ಮನೆಯಲ್ಲಿ ಯಾವ ಮುಚ್ಚಳವನ್ನೂ ಬಿಗಿಯಾಗಿ ಹಾಕಿದ್ದಿಲ್ಲ. ಉಪ್ಪಿನ ಡಬ್ಬಿ, ಎಣ್ಣೆಯ ಬಾಟಲಿ, ಮಾತ್ರೆಯ ಸೀಸೆ, ಟೂತ್‌ಪೇಸ್ಟು ಎಲ್ಲವನ್ನೂ ಬೆಳಿಗ್ಗೆ ಹೊರಡುವ ಮೊದಲು ನಾನು ತಿರುಗಿಸಿ ಸಡಿಲಿಸಿ, ಸುಮ್ಮನೆ ಮೇಲೆ ಕೂರಿಸಿ ಹೋಗುತ್ತಿದ್ದೆ. ಚಿಕ್ಕವಳಿದ್ದಾಗ ನೀನು ಯಾರ ಮನೆಗೆ ಹೋದರೂ ಡಬ್ಬಿಯನ್ನು ತಳ ಹಿಡಿದೇ ಎತ್ತುತ್ತಿದ್ದೆ. ನಿನ್ನ ಅಮ್ಮ ನಗುತ್ತಿದ್ದಳು: “ನಮ್ಮನೆಗೆ ಕಳ್ಳ ಬಂದ್ರೆ ಪಾಪ, ಅವನಿಗೆ ಕೆಲಸಾನೇ ಇರಲ್ಲ ರೀ.”

ಒಂಬತ್ತು ವರ್ಷ, ಪ್ರತಿ ಗುರುವಾರ ಬೆಳಿಗ್ಗೆ, ಸಿರಿಂಜಿನಲ್ಲಿ ಔಷಧ ಎಳೆದು ಅವಳಿಗೆ ಚುಚ್ಚುತ್ತಿದ್ದವನು ನಾನು. ಹೋದ ವರ್ಷ ಪೆನ್ನು ಬಂತು. ಮುಚ್ಚಳ ಎಳೆದು ತೊಡೆಗೆ ಒತ್ತಿದರೆ ಟಕ್ ಎನ್ನುತ್ತದೆ. ಹಾಗೇ ಹಿಡಿದು ಹದಿನೈದು ಎಣಿಸಬೇಕು. ಪಕ್ಕದ ಸಣ್ಣ ಕಿಟಕಿ ಹಳದಿಯಾದರೆ ಮುಗಿಯಿತು. ಸೂಜಿ ಕಣ್ಣಿಗೇ ಬೀಳುವುದಿಲ್ಲ. ಹಿಡಿ ದಪ್ಪ, ಅದುಮಲು ಗುಂಡಿಯೂ ಇಲ್ಲ. ಕೈಲಾಗದವರನ್ನು ನೆನೆಸಿಕೊಂಡು ಯಾರೋ ಕೂತು ಯೋಚಿಸಿ ಮಾಡಿದ್ದಾರೆ ಎಂದು ಒಬ್ಬ ಫಿಟ್ಟರಾಗಿ ನಾನು ಮೆಚ್ಚಿಕೊಂಡೆ. ಆದರೆ ಮೊದಲ ಹೆಜ್ಜೆಯೇ ಅವಳಿಗೆ ಎಟುಕಲಿಲ್ಲ. ಆ ಮುಚ್ಚಳವನ್ನು ನೇರವಾಗಿ ಎಳೆಯಬೇಕು, ಅದಕ್ಕೆ ಹೆಬ್ಬೆರಳಿನ ಹಿಡಿತ ಬೇಕು. ಅವಳ ಹೆಬ್ಬೆರಳು ಹೇಗಿತ್ತು ಎಂದು ನಿನಗೆ ಬರೆಯಬೇಕಿಲ್ಲ.

ನಾನು ಆರಕ್ಕೆ ಮನೆ ಬಿಡುವವನು. ಅವಳು ಪೆನ್ನನ್ನು ಫ್ರಿಜ್ಜಿನಿಂದ ತೆಗೆದು, ಅದರ ತಂಪು ಇಳಿಯುವವರೆಗೆ ಕಾದು, ಚುಚ್ಚಿಕೊಳ್ಳುತ್ತಿದ್ದದ್ದು ಎಂಟಕ್ಕೆ. ಹಾಗಾಗಿ ತಿಂಗಳ ನಾಲ್ಕು ಪೆನ್ನಿನ ಪೆಟ್ಟಿಗೆ ಬಂದ ದಿನವೇ ನಾಲ್ಕರ ಮುಚ್ಚಳವನ್ನೂ ಎಳೆದು, ಮತ್ತೆ ಮೆಲ್ಲಗೆ ಕೂರಿಸಿ, ಒಳಗಿಡುತ್ತಿದ್ದೆ. ಉಪ್ಪಿನ ಡಬ್ಬಿಗೆ ಮಾಡುವ ಹಾಗೆಯೇ. ಆಮೇಲೆ ಅವಳು ಎರಡು ಅಂಗೈ ನಡುವೆ ಹಿಡಿದು ಎಳೆದರೂ ಸಾಕು, ಬಂದುಬಿಡುತ್ತಿತ್ತು. ಐದು ತಿಂಗಳು ಹೀಗೆ ನಡೆಯಿತು.

ಕೊನೆಯ ಪೆಟ್ಟಿಗೆಯಲ್ಲಿ ಎರಡು ಪೆನ್ನು ಉಳಿದಿದ್ದವು. ಆ ಪೆಟ್ಟಿಗೆ ಬಂದ ದಿನ ಮೂರನ್ನು ಸಡಿಲಿಸುವಷ್ಟರಲ್ಲಿ ಕಾರ್ಖಾನೆಯಿಂದ ಫೋನ್ ಬಂದು ಎದ್ದು ಹೋದೆ. ನಾಲ್ಕನೆಯದು ಹಾಗೇ ಉಳಿಯಿತು. ಇವತ್ತು ಎರಡನ್ನೂ ಹೊರಗಿಟ್ಟು, ಅರ್ಧ ಗಂಟೆ ಕಾದು, ಹೊಸ ಹೊಲಿಗೆ ಮೆಷಿನ್ನನ್ನು ಚಿಂದಿ ಬಟ್ಟೆಯ ಮೇಲೆ ಓಡಿಸಿ ನೋಡುವ ಹಾಗೆ, ಪಾತ್ರೆ ತೊಳೆಯುವ ಹೊಸ ಸ್ಪಂಜಿಗೆ ಒತ್ತಿ ನೋಡಿದೆ. ಮುಚ್ಚಳ ಮುಟ್ಟದ ಪೆನ್ನು ಟಕ್ ಎಂದಿತು, ಕಿಟಕಿ ಹಳದಿಯಾಯಿತು, ಸ್ಪಂಜಿನ ಮೇಲ್ಮೈ ಒಣಗಿಯೇ ಇತ್ತು, ಔಷಧವೆಲ್ಲ ಒಳಗೆ. ನಾನು ಸಡಿಲಿಸಿದ ಪೆನ್ನೂ ಟಕ್ ಎಂದಿತು, ಕಿಟಕಿ ಹಳದಿಯಾಯಿತು, ಔಷಧ ಅಂಚಿನಿಂದ ಹರಿದು ಮೇಜಿಗೆ ಬಂತು. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಸೂಜಿಯ ತುದಿ ಕೊಕ್ಕೆಯಂತೆ ಬಾಗಿತ್ತು. ಮುಚ್ಚಳದ ಒಳಗೆ ಸೂಜಿಗೆಂದೇ ಒಂದು ರಬ್ಬರಿನ ಒರೆಯಿದೆ. ಒಮ್ಮೆ ಕಳಚಿದ ಮೇಲೆ ಅದನ್ನು ತಿರುಗಿ ಕೂರಿಸುವಾಗ ತುದಿ ತಾಗದೆ ಇರುವುದಿಲ್ಲ.

ಇಪ್ಪತ್ತಾರು ವರ್ಷ ಹೊಲಿಗೆ ಮೆಷಿನ್ನುಗಳ ಮಧ್ಯೆ ಕಳೆದವನು ನಾನು. ಲೈನಿನಲ್ಲಿ ಕೂತು ಹೊಲಿಯುವ ಹುಡುಗಿಯರಿಗೆ ದಿನಕ್ಕೆ ಹತ್ತು ಸಲ ಹೇಳುವವನು: “ಕೂರಿಸಿದ ಸೂಜಿ ಮುಟ್ಬೇಡ್ರಮ್ಮ, ತುದಿ ಕೂದಲಷ್ಟು ಬಾಗಿದ್ರೂ ಬಟ್ಟೆ ಹಾಳು.” ನನ್ನ ಮನೆಯ ಫ್ರಿಜ್ಜಿನಲ್ಲಿ ತಿಂಗಳಿಗೆ ನಾಲ್ಕು ಸೂಜಿಯನ್ನು ನಾನೇ ಬಾಗಿಸಿಟ್ಟೆ.

ಎರಡನೆಯ ತಿಂಗಳಿಗೆ ಅವಳ ಮೊಣಕೈ ಊದಿತು. ಮೂರನೆಯ ತಿಂಗಳಿಗೆ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಪ್ರತಿ ವಾರ ತಪ್ಪದೆ ಚುಚ್ಚಿಕೊಳ್ಳುತ್ತಿದ್ದೇವೆ ಎಂದು ನಾನೇ ಡಾಕ್ಟರಿಗೆ ಹೇಳಿದೆ. ಹಾಗಿದ್ದರೆ ಈ ಔಷಧ ಕೆಲಸ ಮಾಡುತ್ತಿಲ್ಲ ಎಂದು ಅವರು ಐದನೆಯ ತಿಂಗಳಿಗೆ ಪೆನ್ನು ನಿಲ್ಲಿಸಿ ಬೇರೆ ಬಲವಾದ ಮಾತ್ರೆ ಕೊಟ್ಟರು. ಸೋಂಕು ತಗಲದ ಹಾಗೆ ಹುಷಾರಾಗಿರಿ ಎಂದೂ ಹೇಳಿದರು. ಆಮೇಲಿನದು ನಿನಗೆ ಗೊತ್ತಿದೆ. ಎದೆಗೆ ಸೋಂಕು, ಜ್ವರ, ಒಂಬತ್ತು ದಿನ ಆಸ್ಪತ್ರೆ. ಇದಕ್ಕೂ ಅದಕ್ಕೂ ನೇರ ಗೆರೆ ಎಳೆಯಲು ನಾನು ಡಾಕ್ಟರಲ್ಲ. ಗೆರೆ ಇಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಇನ್ನು ನರ್ಸಿನ ಮಾತು. ಪೆನ್ನು ಬಳಸಲು ಕಲಿಸಿದವರೆಂದು ನಿನ್ನ ಅಮ್ಮ ಅವರಿಗೆ ಟೀಚರಮ್ಮ ಎಂದು ಹೆಸರಿಟ್ಟಿದ್ದಳು. ಚುಚ್ಚುವ ಕ್ಷಣದವರೆಗೆ ಮುಚ್ಚಳ ತೆಗೆಯಬೇಡಿ, ತೆಗೆದರೆ ತಿರುಗಿ ಹಾಕಬೇಡಿ ಎಂದು ಟೀಚರಮ್ಮ ಹೇಳಿದ್ದರು ಗುಬ್ಬಿ. ಎರಡು ಸಲ ಹೇಳಿದ್ದರು. ನಾನು ಗಡಿಯಾರ ನೋಡುತ್ತ ತಲೆಯಾಡಿಸಿದೆ. ಚೀಟಿಯಲ್ಲೂ ಅದೇ ಇದೆ, ಚಿತ್ರದ ಸಮೇತ. ಒಂದೆರಡು ಹನಿ ಸಹಜ ಎಂಬ ಸಾಲು ಕಂಡ ನನ್ನ ಕಣ್ಣಿಗೆ ಅದರ ಮೇಲಿನ ಸಾಲು ಕಾಣಲಿಲ್ಲ.

ನೀನು ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದ ಮೇಲೆ ಟೀಚರಮ್ಮನನ್ನು ರೋಗಿಗಳಿಗೆ ಕಲಿಸುವ ಕೋಣೆಯಿಂದ ತೆಗೆದು ಸಾಮಾನಿನ ಕೋಣೆಗೆ ಹಾಕಿದ್ದಾರೆ. ಗುರುವಾರದೊಳಗೆ ಅರ್ಜಿ ಬಂದರೆ ಅವರ ಕೆಲಸ ಉಳಿಯುವುದು ಕಷ್ಟ ಎಂದು ಅಲ್ಲಿನ ಗುಮಾಸ್ತ ಹೇಳಿದ. ಸೋಮವಾರ ನಿನ್ನ ಅಮ್ಮನ ಹಳೆಯ ಕಾಗದಪತ್ರ ತರಲು ಹೋದಾಗ ಅವರನ್ನು ನೋಡಿದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಕೈಗವಸಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಜಗಳಕ್ಕೆ ಬಂದೆನೆಂದುಕೊಂಡರೋ ಏನೋ, ಎದ್ದು ನಿಂತರು. ಆಮೇಲೆ ಮೆಲ್ಲಗೆ ಹೇಳಿದರು:

“ನಾನು ಇನ್ನೊಂದು ಸಲ ಅವರ ಕೈಲೇ ಮುಚ್ಚಳ ತೆಗೆಸಿ ನೋಡ್ಬೇಕಿತ್ತು ಅಣ್ಣಾ. ಹಾಳೇಲಿ ಸುಲಭ ಅಂತಿತ್ತು, ನಂಬಿಬಿಟ್ಟೆ. ನನ್ನದೇ ತಪ್ಪು.”

ನಾನು ಕಾಗದಪತ್ರ ಕಂಕುಳಲ್ಲಿಟ್ಟುಕೊಂಡು ಹೊರಟುಬಂದೆ. ಬಸ್ಸಿನಲ್ಲಿ ಕೂತವನು ನಮ್ಮ ನಿಲ್ದಾಣ ದಾಟಿ ಕೊನೆಯ ನಿಲ್ದಾಣದವರೆಗೂ ಹೋಗಿಬಿಟ್ಟೆ. ಇವತ್ತು ರಜೆ ಹಾಕಿ ಪೆನ್ನು ಬಿಚ್ಚಿದ್ದು ಅವರ ಆ ಮಾತಿನಿಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಬಾರದು. ನಿನ್ನ ಸಿಟ್ಟು ದೊಡ್ಡದು, ನ್ಯಾಯವಾದದ್ದು. ಅದು ಸರಿಯಾದ ವಿಳಾಸಕ್ಕೆ ಬರಲಿ. ವಿಳಾಸ ಈ ಮನೆಯದೇ.

ನನ್ನ ಜೊತೆ ಎಷ್ಟು ದಿನ ಮಾತಾಡಬಾರದು ಅನ್ನಿಸುತ್ತದೋ ಅಷ್ಟು ದಿನ ಮಾತಾಡಬೇಡ. ಆದರೆ ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಬೆರಳುಗಳು ಬೆಳಿಗ್ಗೆ ಬಿಗಿಯುತ್ತವೆ ಎಂದು ಹೋದ ಸಲ ಅಂದಿದ್ದೆ, ಅದನ್ನು ಡಾಕ್ಟರಿಗೆ ತೋರಿಸು, ಮುಂದೆ ಹಾಕಬೇಡ. ನೂರು ವರ್ಷ ಗಟ್ಟಿ ಕೈಯಿಂದ ಬಾಳು ತಾಯಿ.

ನಿನ್ನ
ಅಪ್ಪ

ಮತ್ತೆ ಬರೆದದ್ದು:

ಹಾಳೆಯ ವಿಷಯ ಆಮೇಲೆ ಎಂದಿದ್ದೆ. ಅದನ್ನು ಬರೆಯದೆಯೇ ಕಾಗದ ಮಡಚಿ ಅಂಟಿಸಿಯೂ ಬಿಟ್ಟಿದ್ದೆ. ಮತ್ತೆ ಹರಿದು ತೆಗೆದೆ.

ಆ ದಿನ ಕಲಿಸುವ ಕೋಣೆಯಲ್ಲಿ ಅಭ್ಯಾಸದ ಪೆನ್ನು ಅವಳಿಗೆ ಸಲೀಸಾಗಿ ಬಂತು. ನೂರಾರು ಕೈ ಎಳೆದು ಎಳೆದು ಅದರ ಮುಚ್ಚಳ ತಾನಾಗಿಯೇ ಸಡಿಲವಾಗಿತ್ತು. ನಿಜವಾದ ಪೆನ್ನು ಕೊಟ್ಟಾಗ ಬರಲಿಲ್ಲ. ಟೀಚರಮ್ಮ ಪಕ್ಕದ ರೋಗಿಯ ಕಡೆ ತಿರುಗಿದ್ದರು. ಮುಚ್ಚಳ ನಾನು ಎಳೆದುಕೊಟ್ಟೆ, ಅವಳು ಚುಚ್ಚಿಕೊಂಡಳು. ಆಮೇಲೆ ಹಾಳೆ ಬಂತು. ತುಂಬಾ ಕಷ್ಟ, ಕಷ್ಟ, ಪರವಾಗಿಲ್ಲ, ಸುಲಭ, ತುಂಬಾ ಸುಲಭ ಎಂದು ಐದು ಚೌಕ. ಪೆನ್ಸಿಲು ನನ್ನ ಕೈಯಲ್ಲಿತ್ತು. ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: “ಮುಚ್ಚಳ ನನ್ನ ಕೈಲಿ ಬರಲ್ಲ ರೀ. ಕಷ್ಟ ಅಂತ ಹಾಕಿ.”

ಕಷ್ಟ ಎಂದು ಹಾಕಿದರೆ ಪ್ರತಿ ವಾರ ಮನೆಯವರೇ ಚುಚ್ಚಬೇಕು, ಇಲ್ಲವೇ ಆಸ್ಪತ್ರೆಗೆ ಕರೆದುಕೊಂಡು ಬಂದು ಚುಚ್ಚಿಸಬೇಕು ಎಂದು ಅದೇ ಹಾಳೆಯ ಕೆಳಗೆ ಬರೆದಿತ್ತು. ಆ ವಾರವೇ ನನ್ನನ್ನು ಹೆಡ್ ಫಿಟ್ಟರ್ ಮಾಡುವ ಮಾತಿತ್ತು, ಬೆಳಗಿನ ಮೊದಲ ಪಾಳಿಗೆ. ಅದು ನೆಪ. ಒಂಬತ್ತು ವರ್ಷ ವಾರಕ್ಕೊಮ್ಮೆ ಅವಳ ಮುಖ ಕಿವುಚುವ ಹಾಗೆ ಮಾಡುವವನಾಗಿ ನನಗೆ ಸಾಕಾಗಿತ್ತು. ಆ ಗುರುವಾರಗಳು ನನಗೆ ಬೇಡವಾಗಿದ್ದವು. ಅವಳು ನೋಡುತ್ತಿದ್ದ ಹಾಗೆಯೇ ‘ತುಂಬಾ ಸುಲಭ’ ಎಂಬ ಚೌಕಕ್ಕೆ ಗುರುತು ಹಾಕಿದೆ.

ಬರುವಾಗ ದಾರಿಯಲ್ಲಿ ಅವಳು ನಕ್ಕಳು. “ಸುಲಭ ಅಂತ ಹಾಕಿದವರೇ ಮುಚ್ಚಳ ಸಡಿಲ ಮಾಡಿಡಿ ಹಾಗಾದ್ರೆ.” ನಾನು ಪ್ರೀತಿಯಿಂದ ಸಡಿಲಿಸಿದೆ ಎಂದು ಮೇಲೆ ಎಲ್ಲೂ ಬರೆದಿಲ್ಲ, ಆದರೆ ನೀನು ಹಾಗೆ ಓದಿಕೊಳ್ಳಲಿ ಎಂದು ಬಿಟ್ಟಿದ್ದೆ. ಸುಳ್ಳಿಗೆ ಹಾಕಿದ ತೇಪೆ ಅದು. ಮೂರನೆಯ ವಾರ ಟೀಚರಮ್ಮ ಫೋನ್ ಮಾಡಿ ಹೇಗಾಗುತ್ತಿದೆ ಎಂದು ಕೇಳಿದಾಗ ನಿನ್ನ ಅಮ್ಮ ನನ್ನ ಮುಖವನ್ನೇ ನೋಡುತ್ತ, “ಹೂವೆತ್ತಿದ ಹಾಗೆ ಸಿಸ್ಟರ್” ಎಂದಳು. ಆಗಲಾದರೂ ನಾನು ಫೋನು ಕೈಗೆ ತೆಗೆದುಕೊಳ್ಳಬಹುದಿತ್ತು.

ಆ ಹಾಳೆ ಇನ್ನೂ ಅವರ ಕಡತದಲ್ಲಿದೆ. ಗುರುತು ನನ್ನದು ಎಂದು ಬರೆದು ಸಹಿ ಹಾಕಿದ ಕಾಗದ, ಬಾಗಿದ ಸೂಜಿ, ಎರಡೂ ಚೀಲದಲ್ಲಿವೆ. ನಾಳೆ ಗುರುವಾರ. ದೊಡ್ಡ ಡಾಕ್ಟರ ಕೋಣೆ ಒಂಬತ್ತಕ್ಕೆ ತೆರೆಯುತ್ತದೆ.