ಚಪ್ಪರದ ಎಡಗಡೆ ನಿಂತವಳು

ತಂಪೋಣಿ, ಕೋಲಾರದ ಸೀಮೆ
ಕ್ರಿ.ಶ. ೨೧೦೩, ಒಳಬೇಸಿಗೆಯ ಮೂರನೆಯ ವಾರ

ನನಗಿಂತ ಮುಕ್ಕಾಲು ಶತಮಾನ ಹಿಂದೆ ಇರುವ ನಿಮಗೆ,

ಇನ್ನೂ ಬಾರದ ಇಸವಿಯನ್ನು ಕಂಡು ಯಾವಳೋ ತಲೆಕೆಟ್ಟವಳ ಕಾಗದ ಎಂದು ಎಸೆಯಬೇಡಿ. ನಾನು ಮುನಿಲಕ್ಷ್ಮಿ, ಎಂಬತ್ತರ ಮುದುಕಿ. ನಾಲ್ಕನೆಯ ತರಗತಿ ಮುಗಿಯುವುದರೊಳಗೆ ಬಿಸಿಲೇ ನಮ್ಮೂರ ಶಾಲೆಯನ್ನು ಮುಚ್ಚಿಸಿತು. ಆದ್ದರಿಂದ ನನ್ನ ಮಾತು ಒರಟಾಗಿದ್ದರೆ, ಕೆಲವು ನಿಮಗೆ ತಿಳಿಯದಿದ್ದರೆ, ಸಹಿಸಿಕೊಳ್ಳಿ. ಒಳಬೇಸಿಗೆಯೆಂದರೆ ಯಾರೂ ನೆಲದ ಮೇಲೆ ಕಾಲಿಡಲಾಗದ ತಿಂಗಳುಗಳು. ಆಗ ನಾವು ವಾಸಿಸುವ, ಭೂಮಿ ಅಗೆದು ಮಾಡಿದ ಬೀದಿಯೇ ತಂಪೋಣಿ.

ಇಲ್ಲಿ ಊಟಕ್ಕೆ ತೊಂದರೆಯಿಲ್ಲ. ರಾಗಿ ದೀಪದ ಬೆಳಕಿನಲ್ಲೇ ಬೆಳೆಯುತ್ತದೆ, ಮುದ್ದೆಗೆ ಹಳೆಯ ರುಚಿ ಇಲ್ಲ, ಅಷ್ಟೆ. ಒಗೆದ ಬಟ್ಟೆಯನ್ನು ಗಾಳಿಕೊಳವೆಯ ಬಾಯಿಗೆ ಹಿಡಿದು ಒಣಗಿಸುತ್ತೇವೆ. ಸಂಜೆ ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂರುತ್ತಾರೆ. ಕೂತು ಏನು ಬಂತು? ಪ್ರತಿಯೊಬ್ಬರೂ ಕಣ್ಣುಹಾಳೆ ಅಂಟಿಸಿಕೊಂಡಿರುತ್ತಾರೆ. ಕಣ್ಣಿನ ಮೇಲೆ ಇಡುವ ತೆಳ್ಳನೆಯ ಪದರ ಅದು, ಚಿತ್ರವೆಲ್ಲ ಅದರೊಳಗೇ. ನನ್ನ ಸೊಸೆ ಒಂದಕ್ಕೆ ನಗುತ್ತಾಳೆ, ಪಕ್ಕದಲ್ಲಿ ಕೂತ ಮೊಮ್ಮಗಳು ಇನ್ನೊಂದಕ್ಕೆ ಅಳುತ್ತಾಳೆ. ನನ್ನ ಕಣ್ಣಿಗೆ ಹಾಳೆ ಹಿಡಿಯುವುದಿಲ್ಲ. ನಗುವವರ ಮುಖ ನೋಡುತ್ತಾ ಕೂರುವುದೇ ನನ್ನ ಪಾಲು. ಏನೆಂದು ಕೇಳಿದರೆ "ಹೇಳಕ್ಕಾಗಲ್ಲ ಅಜ್ಜಿ, ನೋಡ್ಬೇಕು" ಅನ್ನುತ್ತಾರೆ.

ಅದಕ್ಕೇ ನಾನು ನಿಮ್ಮ ಕಾಲದ ಟಿವಿಯೊಂದನ್ನು ಹುಡುಕಿಸಿದೆ. ನನ್ನ ಸೋದರಮಾವನ ಹಳೆಯ ಲ್ಯಾಪ್‌ಟಾಪ್ ನನ್ನಲ್ಲಿತ್ತು. ಅದರ ಪರದೆ ಸತ್ತಿದ್ದರೂ ಒಡಲು ಬದುಕಿತ್ತು, ಒಡಲಲ್ಲಿ ಮಾವನ ಮದುವೆಯ ವೀಡಿಯೋ. ಹೆತ್ತ ತಾಯಿಯನ್ನು ನಾನು ಕಂಡಿಲ್ಲ. ಸಾಕಿದವಳು ಚಿಕ್ಕಮ್ಮ ಸುಗುಣ, ಮಾವನ ತಂಗಿ. ಚಿಕ್ಕ ವಯಸ್ಸಿಗೇ ಗಂಡ ಸತ್ತವಳು. ಅವಳ ಒಂದು ಫೋಟೋವೂ ಉಳಿದಿಲ್ಲ. ಅವಳ ದನಿ ನೆನಪಿದೆ, ಕೈಯಡುಗೆ ನೆನಪಿದೆ. ಮುಖ ಮಾತ್ರ ನನ್ನೊಳಗಿಂದ ಅಳಿಸಿಹೋಗಿದೆ.

ಲ್ಯಾಪ್‌ಟಾಪಿನಿಂದ ಟಿವಿಗೆ ವೈರು ಸಿಕ್ಕಿಸಿಕೊಟ್ಟವನು ಪಕ್ಕದ ಮನೆಯ ಚೌಡಪ್ಪ, ಹಳೆ ಸಾಮಾನು ಮಾರುವವನು. ಚಿತ್ರ ಬಂತು. ಹೆಣ್ಣು ಗಂಡು ಇಬ್ಬರೂ ಕುಂಬಳಕಾಯಿಯಂತೆ ಅಡ್ಡಡ್ಡ ಊದಿಕೊಂಡಿದ್ದರು.

"ಮದ್ವೆ ಊಟ ಉಂಡೋರು ದಪ್ಪಗಿರ್ದೆ ಇನ್ನೇನಜ್ಜಿ" ಅಂದ.

"ಹಸೆಮಣೆ ಮೇಲೆ ಕೂತೋರು ಇನ್ನೂ ಉಪವಾಸ ಕಣೋ. ನಿನ್ನ ಕೆಲ್ಸ ಸರಿಯಾಗಿ ಮಾಡು."

ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ರೆಸಲ್ಯೂಷನ್ ಎಂದು ಒಂದು ಅಳತೆಯಿದೆ. ಟಿವಿಯ ಅಳತೆ ಬೇರೆ, ಇದರದು ಬೇರೆ ಇತ್ತು. ೧೯೨೦, ೧೦೮೦ ಎಂದಿದ್ದನ್ನು ಆರಿಸಿದೆವು. ಊದಿದವರೆಲ್ಲ ಇಳಿದರು. ಮಂಜಾಗಿದ್ದ ಅಕ್ಷರ ತಿಳಿಯಾಯಿತು.

ಆದರೂ ಚಿಕ್ಕಮ್ಮ ಕಾಣಲಿಲ್ಲ. ವೀಡಿಯೋದಲ್ಲಿ ಆರು ವರ್ಷದ ನಾನಿದ್ದೇನೆ. ಬಿಚ್ಚಿದ ಜಡೆಯಲ್ಲಿ ಎಡಕ್ಕೆ ಓಡಿ ಮರೆಯಾಗುತ್ತೇನೆ, ಹೆಣೆದ ಜಡೆಯಲ್ಲಿ ತಿರುಗಿ ಬರುತ್ತೇನೆ. ಅಲ್ಲಿ ನಿಂತವಳು ಅವಳಲ್ಲದೆ ಇನ್ಯಾರು? ಒಡಹುಟ್ಟಿದ ಅಣ್ಣನ ಮದುವೆಯಲ್ಲೂ ಅವಳಿಗೆ ಜಾಗವಿದ್ದದ್ದು ಚಪ್ಪರದ ಎಡಗಂಬದ ಆಚೆ, ಅಡುಗೆಯ ಕಡೆ. ಧಾರೆಯ ಹೊತ್ತಿಗೆ ಎದುರು ಬರಬಾರದಲ್ಲ.

"ಅವ್ಳು ಎಡಗಡೆ ಇದಾಳೆ ಕಣೋ" ಅಂದೆ.

"ಹಂಗಾದ್ರೆ ತಲೆ ಎಡಕ್ಕೆ ತಿರುಗ್ಸಜ್ಜಿ, ಕಾಣಿಸ್ತಾಳೆ" ಅಂದ ಚೌಡಪ್ಪ.

ನಾನು ಬೈಯಲು ಬಾಯಿ ತೆರೆದೆ. ಆಮೇಲೆ ತಿಳಿಯಿತು, ಅವನು ತಮಾಷೆ ಮಾಡುತ್ತಿರಲಿಲ್ಲ. ಕಣ್ಣುಹಾಳೆಯಲ್ಲಿ ಕತ್ತು ತಿರುಗಿಸಿದತ್ತ ಚಿತ್ರವೂ ತೆರೆದುಕೊಳ್ಳುತ್ತದೆ. ಚಿತ್ರಕ್ಕೆ ಅಂಚಿರುತ್ತದೆ, ಅಂಚಿನಾಚೆ ಮನುಷ್ಯರು ಉಳಿದುಬಿಡುತ್ತಾರೆ ಎಂಬುದು ಅವನಿಗೆ ಗೊತ್ತೇ ಇಲ್ಲ. ಹೇಳಿಕೊಟ್ಟರೆ ಪಾಪ, ಟಿವಿಯ ಹಿಂದಕ್ಕೆ ಹೋಗಿ ನೋಡಿದ. ಆಮೇಲೆ ಬೇಜಾರಾಗಿ ಮನೆಗೆ ಹೋದ.

ನಾನೊಬ್ಬಳೇ ಉಳಿದೆ. ಪರದೆಯ ಕೆಳಗಿನ ಚಿಹ್ನೆಗಳ ಸಾಲೂ ಅರ್ಧ ಕತ್ತರಿಸಿಹೋಗಿರುವುದನ್ನು ಆಗ ಗಮನಿಸಿದೆ. ಅಂದರೆ ಟಿವಿ ನಾಲ್ಕೂ ಕಡೆ ಚಿತ್ರವನ್ನು ನುಂಗುತ್ತಿದೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಎಂಬಲ್ಲಿ ಒಂದೊಂದಾಗಿ ಒತ್ತುತ್ತಾ ಹೋದೆ. ಝೂಮ್ ಎಂಬುದು ಇದ್ದವರನ್ನೂ ಓಡಿಸಿತು. ಸ್ಕ್ರೀನ್ ಫಿಟ್ ಎಂದು ಒತ್ತಿದಾಗ ಚಿತ್ರ ಉಸಿರು ಬಿಟ್ಟಂತೆ ಒಳಕ್ಕೆ ಸರಿದು, ಅಂಚುಗಳೆಲ್ಲ ಹೊರಬಂದವು. ಕೆಳಗೆ ಪೂರ್ತಿ ಸಾಲು. ಬಲಗಡೆ ವಾಲಗದವನ ಇನ್ನೊಂದು ಕೆನ್ನೆ. ಎಡಗಡೆ ಹಸಿರು ಸೆರಗಿನ ಚೂರು, ಬಳೆಯಿಲ್ಲದ ಎರಡು ಕೈ. ಆ ಕೈಗಳು ನನ್ನ ಜಡೆ ಹೆಣೆಯುತ್ತಿದ್ದವು.

ಮುಖವಿಲ್ಲ. ಟಿವಿ ನುಂಗಿದ್ದು ಎರಡು ಬೆರಳಗಲ ಮಾತ್ರ. ಮಿಕ್ಕಿದ್ದನ್ನು ಬಿಟ್ಟವನು ವೀಡಿಯೋ ತೆಗೆದವನು. ಅವನು ಬಿಟ್ಟದ್ದನ್ನು ತರುವ ಗುಂಡಿ ಯಾವ ರಿಮೋಟಿನಲ್ಲಿದೆ? ಸೊಸೆಗೆ ತೋರಿಸಿದೆ. "ಕೈ ತಾನೇ ಅತ್ತೆ" ಅಂದು ಹಾಳೆ ಅಂಟಿಸಿಕೊಂಡಳು.

ನಿಮ್ಮ ಕಾಲಕ್ಕೆ ಆ ಮದುವೆ ಇನ್ನೂ ಆಗಿಲ್ಲ. ೨೦೨೯ರ ವೈಶಾಖ, ಚಿಕ್ಕಬೂದಿಕುಂಟೆ, ನಲ್ಲಿಯ ಎದುರಿನ ಮನೆ. ಕರೆಯೋಲೆ ಇಲ್ಲದಿದ್ದರೂ ಊಟಕ್ಕೆ ಬನ್ನಿ, ಯಾರೂ ಕೇಳುವುದಿಲ್ಲ. ವೀಡಿಯೋದವನ ಮೊಣಕೈ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿ. ಅವಳು ಬೇಡವೆಂದು ಸೆರಗಿನಲ್ಲಿ ಮುಖ ಮರೆಸಿಕೊಂಡಾಳು. ನಮ್ಮ ಹಿರಿಯರು ಕೆಮ್ಮಿ ಕಣ್ಣು ಕೆಂಪು ಮಾಡಿಯಾರು. ನೀವು ಅವರ ಮನೆಯ ಅಳಿಯಂದಿರಲ್ಲ, ಹೆದರಬೇಡಿ. ಸೆರಗು ಜಾರುವತನಕ ಅಲ್ಲೇ ನಿಂತಿರಿ.

ನಾನು ದಿನಾ ಬೆಳಿಗ್ಗೆ ಟಿವಿ ಹಾಕಿ ನೋಡುತ್ತೇನೆ. ಇವತ್ತಿಗೆ ಕೈ ಮಾತ್ರ ಇದೆ.

ಮುನಿಲಕ್ಷ್ಮಿ