ಮತ್ತೆ ಮಗ್ಗದ ಸಾಲಿಗೆ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಮಗ್ಗಗಳ ನಡುವೆ ಓಡಾಡುತ್ತಿದ್ದ ನನ್ನನ್ನು ವಯಸ್ಸಾಯಿತೆಂದು ನೀವು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದಿರಿ. ಈಗ ನೋಡಿದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆಯಂತೆ. ನನಗೆ ತಲೆಬುಡ ಅರ್ಥವಾಗುತ್ತಿಲ್ಲ. ಊಟ ಹಿಂದಿನಷ್ಟೇ, ಸಿಹಿ ಮೊದಲಿಂದಲೂ ಸೇರದು.

"ಇನ್ಸುಲಿನ್ ಇದೆ ಅಮ್ಮ, ಮೈ ಅದರ ಮಾತು ಕೇಳ್ತಿಲ್ಲ. ವಯಸ್ಸಾದ ಹಾಗೆ ಸಕ್ಕರೆ ಹೀರಿಕೊಳ್ಳೋ ಸ್ನಾಯು ಕರಗುತ್ತೆ, ಕೂತೇ ಇದ್ದರೆ ಇನ್ನೂ ಬೇಗ" ಅಂದರು ಡಾಕ್ಟರು. ಆರಾಮವೇ ಮುಳುವಾಗುತ್ತದೆಯೇ ಸಾಹೇಬರೇ? ಮಗಳು ಕೂತಿರು ಅಂತಾಳೆ, ಡಾಕ್ಟರು ಓಡಾಡು ಅಂತಾರೆ.

ದಯವಿಟ್ಟು ಅರ್ಧ ದಿನವಾದರೂ ಕಡಿದ ನೂಲು ಗಂಟು ಹಾಕಲು ಒಳಗೆ ಬಿಡಿ. 'ಅಮ್ಮನನ್ನು ಕೂರಿಸಿ' ಎಂದು ನಿಮ್ಮನ್ನು ಕಾಡಿದವಳು ಮಗಳೇ ಎಂದು ಗೊತ್ತು. ತನ್ನಿಂದಲೇ ಬಂತೆಂದು ನೊಂದಾಳು, ಅವಳಿಗೆ ಕಾಯಿಲೆಯ ವಿಷಯ ಹೇಳಬೇಡಿ. ಆಳು ಸಾಲದೆ ನಾನೇ ಕರೆದೆ ಅಂದುಬಿಡಿ.

ಇಂತಿ,
ನಿಮ್ಮ ನೂಲಮ್ಮ